ಚಾಲಕರು ಸ್ಪಂದಿಸುತ್ತಿಲ್ಲ

ಮಾರ್ಚ್ ೧೧, ಮಂಗಳವಾರ, ಬೆಳಗ್ಗೆ
ಆಸ್ಪತ್ರೆಯ ಹಿಂಬದಿ, ಡಯಾಲಿಸಿಸ್ ಘಟಕದ ಎದುರು, ನಿಂತ ಕಾರಿನಲ್ಲಿ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಈಗ ಪರವಾಗಿಲ್ಲವೇ? ದಿನವಿಡೀ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು ಬಗ್ಗಿ ಕೆಳಗೆ ನೋಡುವವನಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತದೆ ಎಂದು ಅಮ್ಮ ನನ್ನನ್ನೇ ಗದರುತ್ತಾಳೆ, ಆ ಕ್ರೇನನ್ನು ನಾನೇ ಕಟ್ಟಿಸಿದವಳಂತೆ. ಅತ್ತಿಗೆಯ ಕೆಮ್ಮು ನಿಂತಿತೇ? ಬಂದರಿನ ಗಾಳಿಗೆ ಕಿಟಕಿ ತೆರೆದಿಟ್ಟು ಮಲಗಬೇಡವೆಂದು ಅವಳಿಗೆ ಹೇಳು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ಹಾಗೇ ಇದೆ. ಬಟ್ಟೆ ಒಣಗಿಸುವ ತಂತಿಯ ವಿಷಯದಲ್ಲಿ ಮೇಲಿನ ಮನೆಯವಳೊಂದಿಗೆ ಮಾತು ಬಿಟ್ಟಿದ್ದಾಳೆ. ಆದರೆ ಅವಳ ಬಟ್ಟೆ ನೆನೆಯುವಂತಿದ್ದರೆ ತಾನೇ ಹೋಗಿ ತೆಗೆದು ಮಡಿಸಿಟ್ಟು ಬರುತ್ತಾಳೆ, ಮಾತಿಲ್ಲದೆ. ಅವಳ ವಿಷಯದಲ್ಲಿ ಚಿಂತೆ ಬೇಡ.

ಫೋನು ಮಾಡುವುದು ಬಿಟ್ಟು ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಇದರಲ್ಲಿ ಅಪ್ಪನ ವಿಷಯ ಬರುತ್ತದೆ. ಫೋನಿನಲ್ಲಾದರೆ ನೀನು ಸಿಗ್ನಲ್ ಸರಿಯಿಲ್ಲ ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ. ಇಟ್ಟರೂ ಅದು ಮೇಜಿನ ಮೇಲೇ ಇರುತ್ತದೆ. ಇನ್ನೊಂದು ಕಾರಣ, ನನಗೆ ಬರೆದಾಗಲೇ ಯೋಚನೆ ನೇರವಾಗುವುದು. ಒಳಗೆ ನನ್ನ ಇಬ್ಬರು ಪ್ರಯಾಣಿಕರು ತೋಳಿಗೆ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದಾರೆ. ಮಧ್ಯಾಹ್ನ ಅವರು ಹೊರಗೆ ಬರುತ್ತಾರೆ, ನಾನು ಅವರನ್ನು ಮನೆಗೆ ಬಿಡಬೇಕು. ಬಿಡುವವಳು ನಾನೇ ಆಗಬೇಕೆ ಎಂಬುದನ್ನು ಅಷ್ಟರೊಳಗೆ ತೀರ್ಮಾನಿಸಬೇಕಾಗಿದೆ.

ಒಬ್ಬರು ದರ್ಜಿ. ಅಂಗಡಿ ಮುಚ್ಚಿ ಬಹಳ ಕಾಲವಾದರೂ ಎದುರಿಗೆ ಬಂದವರ ಹೆಗಲನ್ನು ಈಗಲೂ ಕಣ್ಣಿನಲ್ಲೇ ಅಳೆಯುತ್ತಾರೆ. ನನ್ನ ಸಮವಸ್ತ್ರದ ಎಡತೋಳು ಉದ್ದವೆಂದು ಮೊದಲ ದಿನವೇ ಹೇಳಿದರು. ಒಂದು ಕಾಲನ್ನು ಮಡಿಸಲಾಗದ್ದರಿಂದ ಮುಂದಿನ ಸೀಟು ಅವರದು. ಇನ್ನೊಬ್ಬರು ಭೂಗೋಳ ಕಲಿಸಿ ನಿವೃತ್ತರಾದ ಟೀಚರ್, ಅವರು ಹಿಂದೆ ಕಿಟಕಿಯ ಪಕ್ಕ. ಭೂಗೋಳ ಓದಿಸಿದವರಿಗೆ ತಮ್ಮ ಬೀದಿಯ ತಿರುವು ಗೊತ್ತಾಗುವುದಿಲ್ಲವಲ್ಲ ಎಂದು ದರ್ಜಿ. ಮದುಮಗನಿಗೆ ಕುತ್ತಿಗೆ ಹಿಡಿಯದ ಕೋಟು ಹೊಲಿದವರಿಗೆ ತಿರುವಿನ ಮಾತೇಕೆ ಎಂದು ಟೀಚರ್. ಹೋಗುವಾಗ ಇಬ್ಬರೂ ಜಗಳವಾಡುತ್ತಾರೆ, ಬರುವಾಗ ಇಬ್ಬರೂ ನಿದ್ದೆ ಮಾಡುತ್ತಾರೆ. ರಕ್ತ ತೊಳೆಸಿಕೊಂಡವರಿಗೆ ಎಂಥ ಸುಸ್ತು ಎಂಬುದು ನೋಡಿದವರಿಗೇ ಗೊತ್ತು. ಬಾಯಿ ತೆರೆದುಕೊಂಡು, ತಲೆಯನ್ನು ಗಾಜಿಗೆ ಕೊಟ್ಟು, ಪೂರ್ತಿಯಾಗಿ ನನ್ನ ಕೈಗೆ ಒಪ್ಪಿಸಿಕೊಂಡು ಮಲಗಿಬಿಡುತ್ತಾರೆ. ಅದನ್ನು ಕನ್ನಡಿಯಲ್ಲಿ ನೋಡುವುದು ನನಗೆ ಇಷ್ಟವಾಗಿತ್ತು.

ಈಗ ಕಾರಿನ ವಿಷಯ. ಊರ ಹೊರಗಿನ ವರ್ತುಲ ರಸ್ತೆ ಸೇರಿದ ಮೇಲೆ ಸ್ಟೀರಿಂಗ್ ಪಕ್ಕದ ಗುಂಡಿ ಒತ್ತಿದರೆ ಅದು ತಾನೇ ಗೆರೆಯೊಳಗೆ ಸಾಗುತ್ತದೆ, ಮುಂದಿನ ಗಾಡಿಯಿಂದ ಅಂತರ ಕಾಯುತ್ತದೆ. ಒಳಗಿನ ಬೀದಿಗಳಲ್ಲಿ ಈ ಸೌಲಭ್ಯವಿಲ್ಲ, ಅಲ್ಲಿ ನಾವೇ ಓಡಿಸಬೇಕು. ವರ್ತುಲ ರಸ್ತೆಯಲ್ಲೂ ಚಾಲಕರ ಕೈ ಸ್ಟೀರಿಂಗ್ ಮೇಲಿರಬೇಕು, ಕಣ್ಣು ರಸ್ತೆಯ ಮೇಲಿರಬೇಕು. ಆದರೆ ಕಾರು ನೋಡುತ್ತಿದ್ದುದು ಕೈಯ ಭಾರವನ್ನು ಮಾತ್ರ. ನಮ್ಮ ಡಿಪೋದ ಒಬ್ಬ ಡ್ರೈವರು ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಸ್ಟೀರಿಂಗಿಗೆ ಕಟ್ಟಿ, ತಾನು ಕೈಕಟ್ಟಿಕೊಂಡು ಕೂರುತ್ತಿದ್ದ. ಎಲ್ಲರೂ ಅವನನ್ನು ಬಾಟಲಿ ಎಂದೇ ಕರೆಯುವುದು. ಎರಡು ವರ್ಷ ಹೀಗೇ ನಡೆಯಿತು. ಕಳೆದ ತಿಂಗಳು ಎಲ್ಲ ಕಾರುಗಳಿಗೂ ಅಪ್‌ಡೇಟ್ ಬಂತು. ಗಾಡಿ ಅದೇ, ಚಕ್ರ ಅದೇ, ಬೆಳಗಾಗುವಷ್ಟರಲ್ಲಿ ಸ್ವಭಾವ ಬೇರೆ. ಸ್ಟೀರಿಂಗಿನ ಹಿಂದೆ ಹೆಬ್ಬೆರಳಿನ ಉಗುರಿನಷ್ಟು ಕಪ್ಪು ಗಾಜೊಂದಿದೆ. ಮೊದಲಿನಿಂದಲೂ ಇತ್ತು, ಯಾವುದೋ ತಿರುಪನ್ನು ಮುಚ್ಚುವ ಬಿಲ್ಲೆ ಎಂದುಕೊಂಡು ನಾನು ವಾರಕ್ಕೊಮ್ಮೆ ಅದನ್ನೂ ಒರೆಸುತ್ತಿದ್ದೆ. ಅದು ಕ್ಯಾಮೆರಾದ ಕಣ್ಣಂತೆ. ಅಪ್‌ಡೇಟ್ ಬಂದ ದಿನದಿಂದ ಅದು ನಮ್ಮನ್ನು ನೋಡತೊಡಗಿತು. ಚಾಲಕರ ದೃಷ್ಟಿ ರಸ್ತೆಯಲ್ಲಿ ಇಲ್ಲವೆಂದೋ, ಕಣ್ಣು ಅಲುಗದೆ ಒಂದೇ ಕಡೆ ನೆಟ್ಟಿದೆಯೆಂದೋ ಅದಕ್ಕೆ ಅನ್ನಿಸಿದರೆ ಮೊದಲು ಗಂಟೆ ಬಾರಿಸುತ್ತದೆ. ಆಮೇಲೆ ಪರದೆಯಲ್ಲಿ ಕೆಂಪಾಗಿ ಬರೆಯುತ್ತದೆ: ಚಾಲಕರು ಸ್ಪಂದಿಸುತ್ತಿಲ್ಲ. ಆಗಲೂ ಏನೂ ಆಗದಿದ್ದರೆ ನಾಲ್ಕೂ ದೀಪ ಮಿಟುಕಿಸುತ್ತ ನಿಧಾನವಾಗಿ ರಸ್ತೆಯ ಅಂಚಿಗೆ ಸರಿದು ನಿಂತುಬಿಡುತ್ತದೆ.

ಡಿಪೋದಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಸಣ್ಣ ಕಣ್ಣಿನ ಡ್ರೈವರನ್ನು ಕಾರು ನಿದ್ದೆಗಾರನೆಂದಿತು. ಟೋಪಿ ಹಾಕಿದವನನ್ನು ಗದರಿಸಿತು, ಹಾಡು ಗುನುಗಿದವನನ್ನು ಗದರಿಸಿತು. ಇನ್ನೊಬ್ಬಳ ಕಾರು ಮೇಲ್ಸೇತುವೆಯ ನೆರಳನ್ನು ಲಾರಿಯೆಂದು ತಿಳಿದು ಬ್ರೇಕು ಹಾಕತೊಡಗಿತು. ಬಾಟಲಿಯ ಗೋಳು ಎಲ್ಲರಿಗಿಂತ ದೊಡ್ಡದು. "ನನ್ನ ಹೆಂಡ್ತಿಗೆ ಮನೇಲಿ ಅತ್ತೆ, ನನಗೆ ಗಾಡೀಲಿ ಅತ್ತೆ," ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ. ಎಚ್ಚರಿಕೆಯ ದೀಪ ಹತ್ತಿದರೆ ದೀಪಕ್ಕೇ ಟೇಪು ಅಂಟಿಸುವುದು ಡ್ರೈವರುಗಳ ಹಳೆಯ ಚಿಕಿತ್ಸೆ. ನಿನಗೂ ಗೊತ್ತಿದೆ, ಅಪ್ಪನ ಬಸ್ಸಿನಲ್ಲಿ ಅಂಥ ಮೂರು ಟೇಪುಗಳಿದ್ದವು. ಬಾಟಲಿ ಆ ಕಣ್ಣಿಗೂ ಟೇಪು ಹಚ್ಚಿದ. ಗುಂಡಿ ಒತ್ತಿದರೂ ಕಾರು ತಾನೇ ಸಾಗಲು ಒಪ್ಪಲಿಲ್ಲ. ಎಲ್ಲರ ದೂರನ್ನೂ ಸೂಪರ್‌ವೈಸರ್ ಒಟ್ಟುಮಾಡಿ ಕಂಪನಿಗೆ ಕಳಿಸಿದರು. ಆ ದೂರುಗಳು ಸುಳ್ಳಲ್ಲ ಅಣ್ಣಾ. ಬಾಟಲಿಯೊಬ್ಬನನ್ನು ಬಿಟ್ಟರೆ ಉಳಿದವರ ವಿಷಯದಲ್ಲಿ ಕಾರು ನಿಜವಾಗಿ ತಪ್ಪು ಮಾಡಿತ್ತು. ಅವುಗಳ ಜೊತೆಗೆ ನನ್ನದೂ ಒಂದಿತ್ತು.

ಮೊದಲ ಸಲ ಆದದ್ದು ವಾಪಸು ಬರುವಾಗ. ಇಬ್ಬರೂ ಮಲಗಿದ್ದರು. ಸಿಮೆಂಟ್ ಗೋದಾಮಿನ ಎತ್ತರದ ಬೂದುಬಣ್ಣದ ಗೋಪುರ ಎಡಕ್ಕೆ ಕಂಡಿತು, ರೇಡಿಯೋದಲ್ಲಿ ಹವಾಮಾನ ಹೇಳುತ್ತಿದ್ದರು. ನಾಳೆ ಮೋಡ ಎಂದರು. ಆಮೇಲೆ ನಾನು ರಸ್ತೆಯ ಅಂಚಿನಲ್ಲಿ ನಿಂತ ಕಾರಿನಲ್ಲಿದ್ದೆ. ದೀಪಗಳು ಟಿಕ್ ಟಿಕ್ ಎನ್ನುತ್ತಿದ್ದವು, ಪರದೆ ಕೆಂಪಾಗಿತ್ತು, ರೇಡಿಯೋದಲ್ಲಿ ಯಾರೋ ಯಾರ ಮೇಲೋ ಪಂದ್ಯ ಗೆದ್ದಿದ್ದರು. ಇದನ್ನು ಹೇಗೆ ಬರೆದರೆ ನಿನಗೆ ಅರ್ಥವಾಗುತ್ತದೋ ತಿಳಿಯದು. ನಿದ್ದೆಯಿಂದ ಎದ್ದ ಹಾಗಿರಲಿಲ್ಲ. ನಿದ್ದೆಗೆ ಒಂದು ಅಂಚಿರುತ್ತದೆ, ಎದ್ದವರಿಗೆ ತಾವು ಮಲಗಿದ್ದು ಗೊತ್ತಾಗುತ್ತದೆ. ಇದಕ್ಕೆ ಅಂಚಿರಲಿಲ್ಲ. ಗೋಪುರ, ಮರುಕ್ಷಣ ಅಂಚು. ನನ್ನ ಕಡೆಯಿಂದ ನೋಡಿದರೆ ನಡುವೆ ಏನೂ ನಡೆದೇ ಇರಲಿಲ್ಲ. ಕಾರು ಸುಮ್ಮಸುಮ್ಮನೆ ನಿಂತಿತ್ತು, ಅಷ್ಟೇ. ಹವಾಮಾನಕ್ಕೂ ಪಂದ್ಯಕ್ಕೂ ನಡುವೆ ಏನು ಹೇಳಿದರೆಂದು ನಾನು ಕೇಳಿಕೊಳ್ಳಲಿಲ್ಲ. ಕಾರಣವಿಲ್ಲದೆ ಗಾಡಿ ನಿಲ್ಲುತ್ತದೆ ಎಂದು ದೂರು ಬರೆದೆ. ಇನ್ನೊಮ್ಮೆ ಹಾಗೇ ಆಯಿತು, ಆಗಲೂ ಬರೆದೆ, ಈ ಸಲ ಸ್ವಲ್ಪ ಖಾರವಾಗಿ. ಕಂಪನಿಯಿಂದ ಬಂದ ಮೆಕ್ಯಾನಿಕ್ ಅದೇ ದಾರಿಯಲ್ಲಿ ಕಾರು ಓಡಿಸಿ ನೋಡಿದ. ಅವನಿಗೆ ಅದು ಒಂದು ಮಾತೂ ಆಡಲಿಲ್ಲ. ನಿಮ್ಮ ಮೇಲೆ ಇದಕ್ಕೇನೋ ಸಿಟ್ಟು ಎಂದು ನಕ್ಕು ಹೋದ.

ಹೋದ ಭಾನುವಾರ ಅಮ್ಮನಿಗೆ ಇದನ್ನೆಲ್ಲ ತಮಾಷೆಯಾಗಿ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ನಾನು ಓಡಿಸುತ್ತಲೇ ಇರುತ್ತೇನೆ, ಆದರೂ ಕಾರಿಗೆ ನಾನು ಕಾಣುವುದಿಲ್ಲವಂತೆ ಎಂದೆ. ಅಮ್ಮ ತಲೆ ಎತ್ತದೆ, "ಏನೋ ಯೋಚನೆ ಮಾಡ್ತಿರ್ತೀಯ ಬಿಡು. ನಿಮ್ಮಪ್ಪನೂ ಹಾಗೇ ಅಲ್ವಾ. ಮೊನ್ನೆ ಒಲೆ ಮುಂದೆ ನೀನು ನಿಂತಿದ್ದು ನೋಡಿ ಅವರೇ ಬಂದು ನಿಂತ ಹಾಗಾಯ್ತು ನನಗೆ," ಎಂದಳು. ಎಷ್ಟು ಪ್ರೀತಿಯಿಂದ ಅಂದಳು ಗೊತ್ತೇ. ನಾನೂ ಆ ಮಾತನ್ನು ಒಂದು ಉಡುಗೊರೆಯಂತೆಯೇ ತೆಗೆದುಕೊಂಡೆ. ಅಪ್ಪನಿಂದ ನನಗೆ ಬಂದದ್ದು ಈ ದಪ್ಪ ಹುಬ್ಬು ಮಾತ್ರ ಎಂದುಕೊಂಡಿದ್ದೆ.

ಸೋಮವಾರ, ಅಂದರೆ ನಿನ್ನೆ, ಸೂಪರ್‌ವೈಸರ್ ನಮ್ಮನ್ನೆಲ್ಲ ಕರೆದು ಒಳ್ಳೆಯ ಸುದ್ದಿ ಕೊಟ್ಟರು. ನಮ್ಮ ದೂರುಗಳನ್ನು ಕಂಪನಿ ಒಪ್ಪಿಕೊಂಡಿದೆ. ಮಂಗಳವಾರ ರಾತ್ರಿ, ಅಂದರೆ ಈ ಹೊತ್ತು ರಾತ್ರಿ, ಗಾಡಿಗಳು ಡಿಪೋದಲ್ಲಿ ನಿಂತಿರುವಾಗ ಹೊಸ ಅಪ್‌ಡೇಟ್ ಬರುತ್ತದೆ. ಇನ್ನು ಮುಂದೆ ಕೈ ಸ್ಟೀರಿಂಗ್ ಮೇಲಿದ್ದು ಕಣ್ಣು ತೆರೆದಿದ್ದರೆ ಸಾಕು, ಕಾರು ಸುಮ್ಮನಿರುತ್ತದೆ. "ಇನ್ನೊಂದು ದಿನ ಸಹಿಸ್ಕೊಳ್ಳಿ. ನಾಡಿದ್ದಿನಿಂದ ಅದು ಇಷ್ಟು ಹೆದರಲ್ಲ," ಎಂದರು. ಬಾಟಲಿ ಎಲ್ಲರಿಗೂ ಚಹಾ ಕೊಡಿಸಿದ. ನಾನೂ ಕುಡಿದೆ.

ಈ ಬೆಳಗ್ಗೆ ಹೋಗುವ ದಾರಿ, ಆದ್ದರಿಂದ ಇಬ್ಬರೂ ಎಚ್ಚರವಿದ್ದರು. ಯಾವುದೋ ನದಿ ಸಮುದ್ರ ಸೇರುತ್ತದೋ ಮರಳಿನಲ್ಲಿ ಇಂಗುತ್ತದೋ ಎಂದು ವಾದ ನಡೆದಿತ್ತು. ನಾನು ಯಾರ ಪಕ್ಷ ಎಂದು ಟೀಚರ್ ಕೇಳಿದರು. ಇಬ್ಬರದೂ ಅಲ್ಲ ಎನ್ನಲು ಬಾಯಿ ತೆರೆದೆ. ಆಮೇಲೆ ಅಂಚು, ಟಿಕ್ ಟಿಕ್, ಕೆಂಪು ಪರದೆ. ನೋಡಿದಿರಾ, ಮತ್ತೆ ಶುರುವಾಯಿತು ಇದರದು, ಎಂದೆ. ದರ್ಜಿಯ ಕೈ ನನ್ನ ಹೆಗಲ ಮೇಲಿತ್ತು. ಅದು ಯಾವಾಗ ಬಂತೆಂದು ನನಗೆ ತಿಳಿಯಲಿಲ್ಲ.

"ಇದರದಲ್ಲಮ್ಮಾ," ಎಂದರು. "ನಿನ್ನ ಕೂಗಿದೆ. ಅಲ್ಲಾಡಿಸಿದೆ. ಕಣ್ಣು ತೆರೆದೇ ಇತ್ತು, ರಸ್ತೆ ಕಡೆಗೇ ಇತ್ತು. ಬಾಯಿ ಅಗೀತಿತ್ತು, ಊಟ ಮಾಡ್ತಿರೋ ಹಾಗೆ. ಬಾಯಲ್ಲಿ ಏನೂ ಇರಲಿಲ್ಲ. ಎಡಗೈ ಸ್ಟೀರಿಂಗ್ ಬಿಟ್ಟಿರಲಿಲ್ಲ, ಬಲಗೈ ಬೆರಳು ಅಂಗಿ ಗುಂಡಿ ಹತ್ರ ದಾರ ಕೀಳೋ ಹಾಗೆ ಆಡ್ತಿತ್ತು."

ಹಿಂದಿನಿಂದ ಟೀಚರ್ ಬಹಳ ಮೆಲ್ಲಗೆ ಹೇಳಿದರು, ತರಗತಿಯಲ್ಲಿ ಒಂದಿಬ್ಬರು ಮಕ್ಕಳು ಹೀಗೆ ಕೂರುವುದನ್ನು ತಾವು ನೋಡಿದ್ದುಂಟು ಎಂದು. ಗಮನವಿಲ್ಲವೆಂದು ಬೆಂಚಿನ ಮೇಲೆ ನಿಲ್ಲಿಸಿದ್ದರಂತೆ. ಆಮೇಲೆ ಅವರು ಕಿಟಕಿಯ ಕಡೆ ತಿರುಗಿಕೊಂಡರು.

ನಾನು ಕೆಳಗೆ ನೋಡಿದೆ. ನನ್ನ ಅಂಗಿಯ ಎರಡನೆಯ ಗುಂಡಿ ಒಂದೇ ಎಳೆಯಲ್ಲಿ ತೂಗುತ್ತಿತ್ತು. ಅಣ್ಣಾ, ಅಪ್ಪನ ಅಂಗಿಗಳನ್ನು ನೆನಪು ಮಾಡಿಕೋ. ಅಮ್ಮ ವಾರಕ್ಕೊಮ್ಮೆ ಕೂತು ಹೊಲಿಯುತ್ತಿದ್ದುದು ಯಾವ ಗುಂಡಿಯನ್ನು? ಇಷ್ಟು ದಪ್ಪ ಬೆರಳಿನ ಗಂಡಸು ಗುಂಡಿಯನ್ನೇಕೆ ಪೀಡಿಸುತ್ತಾರೋ ಎಂದು ಗೊಣಗುತ್ತಿದ್ದಳು. ನಮ್ಮ ಆಟವನ್ನೂ ನೆನಪು ಮಾಡಿಕೋ. ಊಟದ ನಡುವೆ ಅಪ್ಪ ಕೂತಲ್ಲೇ ನಿಂತುಬಿಡುತ್ತಿದ್ದ, ಅಗಿಯುವುದು ಮಾತ್ರ ಸಾಗಿರುತ್ತಿತ್ತು. ಅಪ್ಪ ಯೋಚನೆ ಮಾಡ್ತಿದಾರೆ, ಗಲಾಟೆ ಮಾಡಬೇಡಿ ಎಂದು ಅಮ್ಮ ಬೆರಳು ತುಟಿಗಿಡುತ್ತಿದ್ದಳು. ಆಗ ನೀನು ಅವನ ತಟ್ಟೆಯಿಂದ ಬೇಯಿಸಿದ ಮೊಟ್ಟೆ ಎತ್ತಿಕೊಂಡು ಅರ್ಧ ನನಗೆ ಕೊಡುತ್ತಿದ್ದೆ. ಅಪ್ಪ ಮತ್ತೆ ಊಟ ಶುರುಮಾಡಿ, ಈ ಹೊತ್ತು ಮೊಟ್ಟೆ ಇರಲಿಲ್ಲವೇ ಎಂದು ಅಮ್ಮನನ್ನು ಕೇಳುತ್ತಿದ್ದ. ನಾವು ನಗು ತಡೆಯಲಾರದೆ ಮೇಜಿನ ಕೆಳಗೆ ಬಗ್ಗುತ್ತಿದ್ದೆವು. ಅವನಿಗೆ ಒಮ್ಮೆಯೂ ಗೊತ್ತಾಗಲಿಲ್ಲ. ಗೊತ್ತಾಗದ ಹಾಗೆ ನಟಿಸುತ್ತಾನೆ, ನಮ್ಮನ್ನು ಖುಷಿಪಡಿಸಲು, ಎಂದು ನಾನು ಇಷ್ಟು ವರ್ಷ ನಂಬಿದ್ದೆ. ನಮ್ಮ ಮನೆಯಲ್ಲಿ ಯಾರೂ ಅದಕ್ಕೆ ಕಾಯಿಲೆಯ ಹೆಸರು ಇಡಲಿಲ್ಲ. ಅಪ್ಪ ಗಂಭೀರ ಮನುಷ್ಯ, ಯೋಚನೆಯ ಮನುಷ್ಯ, ಅಷ್ಟೇ. ಅವನ ಬಸ್ಸಿನಲ್ಲಿ ಕಣ್ಣಿರಲಿಲ್ಲ.

ಇಲ್ಲಿಂದ ಮುಂದಿನದನ್ನು ಓದುವುದು ನಿನಗೆ ಕಷ್ಟ. ಓದು. ಬಸ್ಸು ನೇರವಾದ ರಸ್ತೆಯಲ್ಲಿ, ಬೆಳಗಿನ ಬಿಸಿಲಿನಲ್ಲಿ, ಹಾಲಿನ ಅಂಗಡಿಯ ಗೋಡೆಗೆ ನುಗ್ಗಿತು. ಬ್ರೇಕಿನ ಗುರುತು ರಸ್ತೆಯ ಮೇಲೆ ಇರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಹೆಂಗಸು ಹೋದಳು. ವಿಚಾರಣೆಯವರು ಬ್ರೇಕು ಸರಿಯಿತ್ತೆಂದರು, ಆದ್ದರಿಂದ ನಿದ್ದೆ ಇಲ್ಲವೇ ಕುಡಿತ ಎಂದರು. ನೀನು ಕುಡಿತವನ್ನು ಆರಿಸಿಕೊಂಡೆ, ಏಕೆಂದರೆ ಹಿಂದಿನ ಸಂಜೆ ಡಿಪೋದವರ ಜೊತೆ ಅವನು ಕೂತಿದ್ದನ್ನು ನೋಡಿದ್ದೆ. ನಿನ್ನ ವಯಸ್ಸಿನಲ್ಲಿ ನಾನಿದ್ದರೂ ಅದನ್ನೇ ಆರಿಸಿಕೊಳ್ಳುತ್ತಿದ್ದೆನೇನೋ. ಅಪ್ಪ ವಿಚಾರಣೆಯಲ್ಲಿ ಹೇಳಿದ್ದು, ಮನೆಗೆ ಬಂದು ನಿನಗೂ ಹೇಳಿದ್ದು ಒಂದೇ ಮಾತು: "ಕುಡಿದಿರಲಿಲ್ಲ. ನಿದ್ದೆ ಮಾಡಿರಲಿಲ್ಲ. ಗೋಡೆ ಬಂದಾಗ ನಾನು ಅಲ್ಲಿರಲಿಲ್ಲ." ಸೀಟಿನಲ್ಲಿ ಕೂತು ಅಲ್ಲಿರಲಿಲ್ಲ ಎನ್ನುವವನಿಗೆ ನಾಚಿಕೆಯಾದರೂ ಇರಬೇಕು ಎಂದು ನೀನು ಅಂದೆ. ಅಂದಿನಿಂದ ಅವನ ಜೊತೆ ಕೂತು ಉಣ್ಣಲಿಲ್ಲ. ಬಂದರಿನ ಕೆಲಸ ಸಿಕ್ಕಿದ್ದೇ ಹೊರಟೆ. ಅವನು ಡಿಪೋದ ಗೇಟು ಕಾಯುತ್ತ ಉಳಿದ ವರ್ಷಗಳನ್ನು ಕಳೆದ. ಆ ಮಾತನ್ನು ಮತ್ತೆ ಆಡಲಿಲ್ಲ. ಕೊನೆಕೊನೆಗೆ ತಾನು ನಿದ್ದೆಯೇ ಮಾಡಿದ್ದಿರಬೇಕು ಎಂದು ಅಮ್ಮನ ಹತ್ತಿರ ಒಪ್ಪಿಕೊಂಡಿದ್ದನಂತೆ. ಬೇರೆ ಉತ್ತರ ಅವನಿಗೆ ಯಾರೂ ಕೊಟ್ಟಿರಲಿಲ್ಲ.

ಇದನ್ನು ನಿನ್ನನ್ನು ಚುಚ್ಚಲು ಬರೆಯುತ್ತಿಲ್ಲ. ಅವನು ಆಡಿದ್ದು ಒಬ್ಬ ಮನುಷ್ಯ ಆಡಬಹುದಾದ ಅತ್ಯಂತ ಖಚಿತವಾದ ಮಾತು. ಅದು ನುಣುಚಿಕೊಳ್ಳುವ ಮಾತೆಂದು ನಮಗೆಲ್ಲ ಕೇಳಿಸಿತು. ಈ ಬೆಳಗ್ಗೆ ನನ್ನನ್ನು ಯಾರಾದರೂ ವಿಚಾರಿಸಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಉಳಿದ ದಾರಿಯನ್ನು ನಾನೇ ಓಡಿಸಿದೆ. ಬೇರೆ ಉಪಾಯವಿರಲಿಲ್ಲ ಎಂದು ಬರೆಯಬಹುದು. ಇತ್ತು. ಫೋನು ಮಾಡಿ ಕಾಯಬಹುದಿತ್ತು, ಅವರ ಚಿಕಿತ್ಸೆ ತಡವಾಗುತ್ತಿತ್ತು, ಅಷ್ಟೇ. ವರ್ತುಲ ರಸ್ತೆ ಬಿಟ್ಟು ಒಳಬೀದಿಗೆ ಇಳಿದ ಮೇಲೆ ಕಾರು ನನ್ನ ಪಾಲಿಗೆ ಏನನ್ನೂ ಮಾಡುವುದಿಲ್ಲ. ಅಲ್ಲಿ ಶಾಲೆಯೊಂದಿದೆ, ಆಸ್ಪತ್ರೆಯ ಗೇಟಿನ ಬಳಿ ಹಣ್ಣಿನ ಗಾಡಿಗಳಿವೆ, ವಾಕರ್ ಹಿಡಿದು ದಾಟುವ ಮುದುಕರಿದ್ದಾರೆ. ದರ್ಜಿ ಒಂದು ಕೈಯನ್ನು ಹ್ಯಾಂಡ್‌ಬ್ರೇಕಿನ ಮೇಲೆ ಇಟ್ಟುಕೊಂಡೇ ಕೂತರು. ನಾನು ಪ್ರತಿಯೊಂದು ಬೋರ್ಡನ್ನೂ ಗಟ್ಟಿಯಾಗಿ ಓದುತ್ತ ಹೋದೆ, ನಾನು ಇನ್ನೂ ಇದ್ದೇನೆಂದು ಅವರಿಗೆ ಗೊತ್ತಾಗಲಿ ಎಂದು. ಔಷಧದಂಗಡಿ, ಬೇಕರಿ, ಬೀಗದ ರಿಪೇರಿ. ಇಳಿಯುವಾಗ ಇಬ್ಬರೂ ನನ್ನ ಮುಖ ನೋಡಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂದರು ದರ್ಜಿ. ಬೇರೆ ಡ್ರೈವರುಗಳು ಬಾಗಿಲು ತೆಗೆಯಲು ಕೂಡ ಇಳಿಯುವುದಿಲ್ಲ, ನಿನ್ನನ್ನು ಬಿಟ್ಟು ನಮಗೆ ಯಾರಿದ್ದಾರೆ ಎಂದರು ಟೀಚರ್. ಹೇಗೂ ಕಾರು ನಿಲ್ಲಿಸಿತಲ್ಲ, ಮುಂದೆಯೂ ನಿಲ್ಲಿಸುತ್ತದೆ ಎಂದು ಸಮಾಧಾನ ಮಾಡಿದರು. ನಾಳೆಯಿಂದ ಅದು ನಿಲ್ಲಿಸುವುದಿಲ್ಲ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ.

ನನ್ನನ್ನು ಕಾಡುತ್ತಿರುವುದು ನಾಳೆಯಲ್ಲ, ನಿನ್ನೆ. ಅಪ್‌ಡೇಟಿಗೆ ಮುಂಚಿನ ಎರಡು ವರ್ಷ ಈ ಕಾರು ನನ್ನ ಕೈಯ ಭಾರವನ್ನು ಮಾತ್ರ ನೋಡುತ್ತಿತ್ತು. ನನ್ನ ಎಡಗೈ ಸ್ಟೀರಿಂಗ್ ಬಿಡುವುದಿಲ್ಲ ಎಂದು ಈ ಬೆಳಗ್ಗೆ ಗೊತ್ತಾಯಿತು. ಹಾಗಾದರೆ ಆ ದಾರಿಯಲ್ಲಿ ಎಷ್ಟು ಸಲ ಬಾಯಿ ತೆರೆದು ಮಲಗಿದ ಇಬ್ಬರನ್ನು ಹೊತ್ತು, ಚಾಲಕರ ಸೀಟಿನಲ್ಲಿ ಯಾರೂ ಇಲ್ಲದೆ, ಅದು ಗೆರೆಯೊಳಗೆ ತಾನೇ ಓಡಿದೆಯೋ. ಎಷ್ಟು ಒಳ್ಳೆಯ ಕಾರು, ಎಷ್ಟು ಬೇಗ ಮನೆ ಬಂದುಬಿಡುತ್ತದೆ ಎಂದು ನಾನು ಅಮ್ಮನಿಗೆ ಹೊಗಳುತ್ತಿದ್ದೆ. ಅದು ನನ್ನನ್ನು ನನ್ನಿಂದಲೇ ಮುಚ್ಚಿಟ್ಟಿತ್ತು. ಒಂದೇ ಒಂದು ತಿಂಗಳು ಹೇಳಿಕೊಟ್ಟಿತು. ಅದನ್ನು ದೂರಿ ದೂರಿ ಬಾಯಿ ಮುಚ್ಚಿಸಿದವರಲ್ಲಿ ನಾನೂ ಒಬ್ಬಳು.

ಸ್ವಲ್ಪ ಹೊತ್ತಿನ ಹಿಂದೆ ಒಳಗೆ ಹೋಗಿ ಡಯಾಲಿಸಿಸ್ ನರ್ಸನ್ನು ಕೇಳಿದೆ, ಯಾರೋ ಪರಿಚಯದವರ ವಿಷಯವೆಂಬಂತೆ. ಅಗಿಯುವುದು, ಬೆರಳಾಟ, ತೆರೆದ ಕಣ್ಣು. ಅವಳು ಕೈಯಲ್ಲಿದ್ದ ಟ್ರೇ ಕೆಳಗಿಟ್ಟಳು. ಇದು ನರರೋಗದ ವೈದ್ಯರು ನೋಡಬೇಕಾದದ್ದು, ಒಂದು ಬಗೆಯ ಮೂರ್ಛೆ ಇರಬಹುದು, ಬೀಳದೆಯೂ ಬರುತ್ತದೆ, ಮಾತ್ರೆಗೆ ಎಷ್ಟೋ ಜನರಿಗೆ ಹತೋಟಿಗೆ ಬರುತ್ತದೆ, ಕೆಲವು ಮನೆಗಳಲ್ಲಿ ತಂದೆಯಿಂದ ಮಕ್ಕಳಿಗೂ ಇರುತ್ತದೆ ಎಂದಳು. ಆಮೇಲೆ, "ಅವರು ಗಾಡಿ ಓಡಿಸ್ತಾರಾ?" ಎಂದು ಕೇಳಿದಳು. ನಾನು ಸಮವಸ್ತ್ರದಲ್ಲಿದ್ದೆ. ಅವಳು ಉತ್ತರಕ್ಕೆ ಕಾಯಲಿಲ್ಲ, ವೈದ್ಯರ ಕೋಣೆಯ ನಂಬರನ್ನು ಕೈಗೆ ಕೊಟ್ಟು ಹೋದಳು.

ಹೊಟ್ಟೆನೋವೆಂದು ಹೇಳಿ ಈ ಹೊತ್ತು ಬೇರೆ ಡ್ರೈವರನ್ನು ಕರೆಸಬಹುದು. ನಾಳೆ ಹೊಸ ಅಪ್‌ಡೇಟ್ ಬಂದಿರುತ್ತದೆ, ಕಾರು ಸುಮ್ಮನಿರುತ್ತದೆ, ಇಬ್ಬರು ಮುದುಕರು ಮಾತು ಕೊಟ್ಟಿದ್ದಾರೆ. ಅಮ್ಮನ ಮನೆ ನನ್ನ ಸಂಬಳದಲ್ಲಿ ನಡೆಯುವುದು, ನನಗೆ ಬೇರೆ ಕೆಲಸ ಬಾರದು. ಇದೆಲ್ಲವನ್ನೂ ತೂಗಿ ನೋಡಿದೆ. ತೂಗುವಾಗ ಒಂದು ಮಾತ್ರ ಗೊತ್ತಾಯಿತು: ಅಪ್ಪನಿಗೆ ತಿಳಿದಿರಲಿಲ್ಲ, ನನಗೆ ತಿಳಿದಿದೆ. ಆದ್ದರಿಂದ ಸೂಪರ್‌ವೈಸರಿಗೆ ಫೋನು ಮಾಡಿ ಹೊಟ್ಟೆನೋವಲ್ಲದ ಕಾರಣವನ್ನೇ ಹೇಳುತ್ತೇನೆ. ಅವರು ಕಳಿಸುವ ಡ್ರೈವರಿಗೆ ಕೀಲಿ ಕೊಟ್ಟು, ನನ್ನಿಬ್ಬರನ್ನು ಇದೇ ಕಾರಿಗೆ ಹತ್ತಿಸಿ, ನಾನು ಬಸ್ಸಿನಲ್ಲಿ ಹೋಗುತ್ತೇನೆ. ದೂರು ಕೊಟ್ಟವರೆಲ್ಲರನ್ನೂ ಒಮ್ಮೆ ಪರೀಕ್ಷೆ ಮಾಡಿಸಿದ ಮೇಲೆ ಆ ಎಚ್ಚರಿಕೆಯನ್ನು ತೆಗೆಯಿರಿ ಎಂದು ಕೇಳುತ್ತೇನೆ. ಕೇಳಿದರೆ ಬಾಟಲಿಗೆ ನನ್ನ ಮೇಲೆ ಎಂಥ ಕೋಪ ಬರುತ್ತದೆಂದು ಊಹಿಸಬಲ್ಲೆ. ದರ್ಜಿ, ಟೀಚರ್ ಹೊರಗೆ ಬರಲು ಇನ್ನೂ ಹೊತ್ತಿದೆ. ಕೀಲಿ ತೊಡೆಯ ಮೇಲಿದೆ. ಇನ್ನೂ ಫೋನು ಮಾಡಿಲ್ಲ, ಈ ಕಾಗದ ಮುಗಿಯಲಿ ಎಂದು ಕೂತಿದ್ದೇನೆ.

ಅಮ್ಮನಿಗೆ ಹೇಗೆ ಹೇಳುವುದೋ ತಿಳಿಯದು. ಅವಳ ಪಾಲಿಗೆ ಅದು ಅಪ್ಪನ ಯೋಚನೆ. ಅಷ್ಟನ್ನು ಅವಳಿಂದ ಕಿತ್ತುಕೊಳ್ಳಲು ನನಗೆ ಮನಸ್ಸು ಬರುತ್ತಿಲ್ಲ. ಆದರೆ ಅವನು ನಿದ್ದೆ ಮಾಡಿರಲಿಲ್ಲ ಎಂಬುದನ್ನು ಅವಳಿಗೆ ವಾಪಸು ಕೊಡಬಹುದು.

ಅತ್ತಿಗೆಗೆ ನನ್ನ ನೆನಪುಗಳು. ಇಬ್ಬರೂ ಹುಷಾರಾಗಿರಿ, ಸುಮ್ಮನೆ ಬರೆಯುವ ಮಾತಲ್ಲ ಇದು.

ನಿನ್ನ ತಂಗಿ

ಮರೆಯುವ ಮೊದಲು: ಲಕೋಟೆ ಅಂಟಿಸುವಷ್ಟರಲ್ಲಿ ನೆನಪಾಯಿತು, ನಿಂತಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಹೋದ ತಿಂಗಳು ನೀನು ಫೋನು ಮಾಡಿ ಅಮ್ಮನ ಮಾತ್ರೆಯ ಬಗ್ಗೆ ಕೇಳುತ್ತಿದ್ದವನು ವಾಕ್ಯದ ನಡುವೆ ನಿಂತೆ. ನಾನು ಹಲೋ ಹಲೋ ಎಂದೆ. ಆಮೇಲೆ ನೀನು ಅಲ್ಲಿನ ಮಂಜಿನ ಬಗ್ಗೆ ಮಾತಾಡತೊಡಗಿದೆ, ಮಾತ್ರೆಯನ್ನು ಕೇಳಿಯೇ ಇರಲಿಲ್ಲವೆಂಬಂತೆ. ಲೈನು ಕಟ್ಟಾಗಿತ್ತು ಎಂದುಕೊಂಡೆ. ಕಟ್ಟಾಗಿರಲಿಲ್ಲ ಅಣ್ಣಾ. ಆ ಹೊತ್ತೆಲ್ಲ ನಿನ್ನ ಹಿಂದೆ ಅತ್ತಿಗೆ ಪಾತ್ರೆ ತೊಳೆಯುವ ಸದ್ದು ನನಗೆ ಕೇಳಿಸುತ್ತಲೇ ಇತ್ತು. ಕಾಗದ ನಿನ್ನನ್ನು ತಲುಪಲು ದಿನಗಳು ಬೇಕು, ಆ ದಿನಗಳಲ್ಲೆಲ್ಲ ನೀನು ಕ್ರೇನು ಹತ್ತುತ್ತಿರುತ್ತೀಯ, ಕೆಳಗೆ ಜನರಿರುತ್ತಾರೆ. ಆದ್ದರಿಂದ ಈ ಸಂಜೆ ಮನೆ ಸೇರಿದ ಕೂಡಲೇ ಫೋನು ಮಾಡುವುದೆಂದು ನಿಶ್ಚಯಿಸಿದ್ದೇನೆ. ನಿನಗಲ್ಲ, ಅತ್ತಿಗೆಗೆ. ನೀನು ಊಟದ ನಡುವೆ ನಿಲ್ಲುತ್ತೀಯಾ ಎಂದು ಕೇಳುತ್ತೇನೆ. ಹೌದೆಂದರೆ ನಾಳೆ ನಿನ್ನನ್ನು ಕೆಲಸಕ್ಕೆ ಬಿಡಬೇಡವೆಂದು, ನಿಮ್ಮ ಮೇಸ್ತ್ರಿಗೆ ತಾನೇ ತಿಳಿಸಬೇಕೆಂದು ಹೇಳುತ್ತೇನೆ. ನಿನಗೆ ನನ್ನ ಮೇಲೆ ಕೋಪ ಬರುತ್ತದೆ. ಮಾತು ಬಿಡುವುದಾದರೆ ಬಿಡು; ನೆಲದ ಮೇಲೆ ನಿಂತುಕೊಂಡು ಬಿಡು.